ಚೇಸ್ ಮರಳಿ ಬಂತು, ಸರಿ. ಸೀಟು ಬಿಟ್ಟು ಎದ್ದುಹೋದವರು ಮರಳುತ್ತಾರೆಯೇ?

ನಾಲ್ಕನೇ ತಿರುವು (ಕಾಂಕಾರ್ಡ್, ನಾರ್ತ್ ಕೆರೊಲಿನಾ)

ಅಮೆರಿಕದ ಸ್ಟಾಕ್ ಕಾರ್ ರೇಸಿಂಗ್ ಸಂಸ್ಥೆ ನಾಸ್ಕಾರ್ 2026ರ ಜನವರಿಯಲ್ಲಿ ಹೊರಡಿಸಿದ ಪ್ರಕಟಣೆಯನ್ನು ಎಲ್ಲರೂ ಓದಿರುತ್ತೀರಿ. ಒಂದು ರೇಸ್ ಗೆದ್ದರೆ ಪ್ಲೇಆಫ್‌ಗೆ, ಅಂದರೆ ಪಟ್ಟ ತೀರ್ಮಾನಿಸುವ ಕೊನೆಯ ಹತ್ತು ರೇಸ್‌ಗಳಿಗೆ, ನೇರ ಪ್ರವೇಶ ಎಂಬುದು ಇನ್ನಿಲ್ಲ. ಮೂರು ರೇಸಿಗೊಮ್ಮೆ ನಾಲ್ವರನ್ನು ಹೊರಗೆ ಕಳಿಸುವುದೂ ಇಲ್ಲ. ಕೊನೆಯ ದಿನ ನಾಲ್ವರಲ್ಲಿ ಮುಂದೆ ಮುಗಿಸಿದವರಿಗೆ ಪಟ್ಟ ಎಂಬ ಜೂಜೂ ಮುಗಿಯಿತು. 2026ರಿಂದ ಮೊದಲ 26 ರೇಸ್‌ಗಳ ಅಂಕದ ಮೇಲೆ 16 ಚಾಲಕರು ಆಯ್ಕೆಯಾಗುತ್ತಾರೆ, ಅಂಕಗಳನ್ನು ಮರುಹೊಂದಿಸುತ್ತಾರೆ, ಉಳಿದ ಹತ್ತು ರೇಸ್‌ಗಳಲ್ಲಿ ಹೆಚ್ಚು ಕೂಡಿಸಿದವರೇ ಚಾಂಪಿಯನ್. ಗೆಲುವಿಗೆ 40ರ ಬದಲು 55 ಅಂಕ. ಈ ಹತ್ತು ರೇಸ್‌ಗಳಿಗೆ 2004ರಲ್ಲಿ ಇಟ್ಟಿದ್ದ ಹಳೆಯ ಹೆಸರು ಚೇಸ್ ಕೂಡ ಮರಳಿದೆ.

ನನಗೆ ಸಂತೋಷವಾಗಿದೆ. 2025ರ ನವೆಂಬರ್ 2ರಂದು ಫೀನಿಕ್ಸ್‌ನ ಕೊನೆಯ ರೇಸಿನಲ್ಲಿ ನಡೆದದ್ದನ್ನು ನೋಡಿದ ಮೇಲೆ ಆಗದೆ ಇರಲು ಸಾಧ್ಯವಿಲ್ಲ. ಪಟ್ಟಕ್ಕೆ ಉಳಿದಿದ್ದ ನಾಲ್ವರಲ್ಲಿ ಒಬ್ಬರಾದ ಡೆನ್ನಿ ಹ್ಯಾಮ್ಲಿನ್ 208 ಸುತ್ತು ಮುಂದಿದ್ದರು. ಮೂರೇ ಸುತ್ತು ಬಾಕಿ ಇದ್ದಾಗ ವಿಲಿಯಂ ಬೈರನ್ ಕಾರಿನ ಟೈರ್ ಒಡೆದು, ಎಲ್ಲರೂ ವೇಗ ತಗ್ಗಿಸಬೇಕಾದ ಹಳದಿ ಬಾವುಟ ಬಂತು. ಎಲ್ಲರೂ ಟೈರ್, ಪೆಟ್ರೋಲ್‌ಗಾಗಿ ನಿಲ್ಲುವ ಪಿಟ್‌ಗೆ ಇಳಿದರು. ಹ್ಯಾಮ್ಲಿನ್ ತಂಡ ನಾಲ್ಕು ಟೈರ್ ಬದಲಿಸಿತು, ಕೈಲ್ ಲಾರ್ಸನ್ ತಂಡ ಎರಡೇ. ಎರಡು ಸುತ್ತಿನ ಹೆಚ್ಚುವರಿ ಓಟದಲ್ಲಿ ಲಾರ್ಸನ್ ಮೂರನೆಯವರು, ಹ್ಯಾಮ್ಲಿನ್ ಆರನೆಯವರು. ಆ ನಾಲ್ವರಲ್ಲಿ ಮೊದಲು ಮುಗಿಸಿದ್ದರಿಂದ, ಆ ದಿನ ಒಂದು ಸುತ್ತೂ ಮುಂದಿರದ ಲಾರ್ಸನ್‌ಗೆ ಪಟ್ಟ. ರೇಸ್ ಗೆದ್ದದ್ದು ರಯಾನ್ ಬ್ಲೇನಿ. ಅವರನ್ನು ಮಾತನಾಡಿಸುವವರೇ ಇರಲಿಲ್ಲ. ಲಾರ್ಸನ್ ಮೇಲೆ ನನಗೆ ಸಿಟ್ಟಿಲ್ಲ, ಬರೆದಿಟ್ಟ ಆಟವನ್ನು ಅವರು ಆಡಿದರು.

ಆದರೆ ನನ್ನ ತಕರಾರು ಬೇರೆ. 2004, 2011, 2014, 2017, ಈಗ 2026: ನಾಸ್ಕಾರ್ ಪಟ್ಟ ಕಟ್ಟುವ ವಿಧಾನವನ್ನೇ ತಿದ್ದುತ್ತ ಕುಳಿತಿದೆ. ಜನ ಟಿಕೆಟ್ ಕೊಳ್ಳುವುದು ಭಾನುವಾರದ ರೇಸಿಗೆ, ನವೆಂಬರಿನ ಅಂಕಪಟ್ಟಿಗಲ್ಲ. ಮಾರ್ಟಿನ್ಸ್‌ವಿಲ್‌ನಂಥ ಸಣ್ಣ ಟ್ರ್ಯಾಕಿನಲ್ಲಿ ನೂರು ಸುತ್ತು ಒಬ್ಬರ ಬೆನ್ನಿಗೊಬ್ಬರು ಅಂಟಿಕೊಂಡು ಯಾರೂ ಯಾರನ್ನೂ ದಾಟಲಾಗದಿದ್ದರೆ ಯಾವ ಅಂಕಗಣಿತ ಬಂದೂ ಸ್ಟ್ಯಾಂಡ್ ತುಂಬುವುದಿಲ್ಲ. ಒಪ್ಪದವರು ಹೇಳಿ.

ಹಳೇ ವಿನ್‌ಸ್ಟನ್

ಒಪ್ಪದವನು ನಾನು. ಅರ್ಧ ಮಾತ್ರ.

ಚೇಸ್ ಎಂಬುದೇ ಮೂಲ ರೋಗ. 2003ರಲ್ಲಿ ಮ್ಯಾಟ್ ಕೆನ್ಸೆತ್ ಇಡೀ ವರ್ಷ ಗೆದ್ದದ್ದು ಒಂದೇ ರೇಸ್, ಅದೂ ಮಾರ್ಚಿನಲ್ಲಿ, ಲಾಸ್ ವೇಗಸ್‌ನಲ್ಲಿ. ವಾರವಾರವೂ ಮೊದಲ ಹತ್ತರ ಆಸುಪಾಸಿನಲ್ಲಿ ಮುಗಿಸಿ ಚಾಂಪಿಯನ್ ಆದರು. ಎಂಟು ರೇಸ್ ಗೆದ್ದ ರಯಾನ್ ನ್ಯೂಮನ್‌ಗೆ ಆರನೇ ಸ್ಥಾನ. ಗೆಲುವಿಗೆ ಬೆಲೆಯೇ ಇಲ್ಲ ಎಂದು ಗದ್ದಲವೆದ್ದಿತು, ಮರುವರ್ಷ ಚೇಸ್ ಬಂತು. ಹತ್ತು ವರ್ಷ ಕಳೆದು 2014ರಲ್ಲಿ ‘ಇನ್ನು ಗೆಲುವೇ ಎಲ್ಲ’ ಎಂದು ಸಾರಿ ನಾಲ್ವರ ಫೈನಲ್ ತಂದರು. ಆ ವರ್ಷ ಒಂದೂ ರೇಸ್ ಗೆಲ್ಲದೆ ಫೈನಲ್ ತಲುಪಿದವರು ಯಾರು? ಅದೇ ನ್ಯೂಮನ್! ಹೋಮ್‌ಸ್ಟೆಡ್‌ನ ಆ ಫೈನಲ್‌ನಲ್ಲಿ ಕೆವಿನ್ ಹಾರ್ವಿಕ್ ಹಿಂದೆ ಎರಡನೆಯವರಾಗಿ ಮುಗಿಸಿದರು. ಒಂದೇ ಒಂದು ಕಾರು ದಾಟಿದ್ದರೆ ‘ಗೆಲುವೇ ಎಲ್ಲ’ ಎಂಬ ನಿಯಮದ ಮೊದಲ ಫಲವೇ ತಲೆಕೆಳಗಾಗುತ್ತಿತ್ತು.

2024 ಇನ್ನೂ ಚೆನ್ನ. ಜೋಯಿ ಲೊಗಾನೊ ಷಾರ್ಲಟ್‌ನ ರೋವಲ್ ಟ್ರ್ಯಾಕಿನಲ್ಲಿ ಪ್ಲೇಆಫ್‌ನಿಂದ ಹೊರಬಿದ್ದಿದ್ದರು. ರೇಸ್ ಮುಗಿದ ಮೇಲೆ ಅಲೆಕ್ಸ್ ಬೋಮನ್ ಕಾರು ತೂಕದಲ್ಲಿ ಕಡಿಮೆ ಬಂದು ಅನರ್ಹವಾಯಿತು. ಲೊಗಾನೊ ಒಳಬಂದರು, ಮರುವಾರವೇ ವೇಗಸ್‌ನಲ್ಲಿ ಗೆದ್ದರು, ಫೀನಿಕ್ಸ್‌ನಲ್ಲೂ ಗೆದ್ದರು, ಮೂರನೇ ಪಟ್ಟ ಹೊತ್ತರು. ಆ ವರ್ಷ ಅವರ ಸರಾಸರಿ ಸ್ಥಾನ 17ರ ಆಚೀಚೆ.

ನನ್ನ ಬೇಡಿಕೆ ಸಣ್ಣದು. 36 ರೇಸ್ ಓಡಿಸಿ, 36 ರೇಸಿನ ಅಂಕ ಕೂಡಿಸಿ. ಮಧ್ಯದಲ್ಲಿ ಅಳಿಸುವ ರಬ್ಬರ್ ಯಾರ ಕೈಗೂ ಕೊಡಬೇಡಿ.

ಮೊನ್ಜಾ ಮೈಸೂರು

ಹೊರಗಿನವನ ಪ್ರಶ್ನೆ, ನಗಬೇಡಿ. ನಾನು ಫಾರ್ಮುಲಾ ಒನ್ ನೋಡುವವನು. ಇಲ್ಲಿಯ ಮಾತುಕತೆ ರುಚಿಸಿ ಎರಡು ವರ್ಷದಿಂದ ನಾಸ್ಕಾರ್ ಮುಖ್ಯಾಂಶಗಳನ್ನೂ ನೋಡುತ್ತಿದ್ದೇನೆ. ನಮ್ಮಲ್ಲಿ ಮಾರ್ಚಿನಲ್ಲಿ ಗಳಿಸಿದ ಅಂಕ ಡಿಸೆಂಬರಿನವರೆಗೂ ಗಳಿಸಿದವರದೇ. ವಿನ್‌ಸ್ಟನ್ ಅವರು ಕೇಳುತ್ತಿರುವುದೂ ಅದೇ. ಅಷ್ಟು ಸರಳವಾದದ್ದನ್ನು ಮಾಡಲು ಅಡ್ಡಿ ಏನು?

ನಾಲ್ಕನೇ ತಿರುವು

ಅಡ್ಡಿ ಎನ್‌ಎಫ್‌ಎಲ್, ಅಮೆರಿಕನ್ ಫುಟ್‌ಬಾಲ್ ಲೀಗ್. ಸೆಪ್ಟೆಂಬರ್ ಬಂತೆಂದರೆ ಅಮೆರಿಕದ ಭಾನುವಾರ ಫುಟ್‌ಬಾಲಿನ ಸ್ವತ್ತು. ಆ ಹೊತ್ತಿಗೆ ಅಂಕಪಟ್ಟಿಯಲ್ಲಿ ಒಬ್ಬರು ಎಟುಕದಷ್ಟು ಮುಂದಿದ್ದರೆ ಟಿವಿಯವರಿಗೆ ಮಾರಲು ಏನೂ ಉಳಿಯುವುದಿಲ್ಲ. 2025ರಿಂದ ಏಳು ವರ್ಷಕ್ಕೆ 770 ಕೋಟಿ ಡಾಲರ್ ಕೊಡುತ್ತಿರುವವರು ಅವರೇ. ಟ್ರ್ಯಾಕ್‌ಗಳಿಗೂ ತಂಡಗಳಿಗೂ ಟಿಕೆಟ್ ಹಣಕ್ಕಿಂತ ಟಿವಿ ಹಣವೇ ದೊಡ್ಡದು. ಸ್ಟ್ಯಾಂಡಿನಲ್ಲಿ ಕುಳಿತವರ ಮಾತು ನಡೆಯದಿರುವುದಕ್ಕೆ ಇದೂ ಒಂದು ಕಾರಣ ಎಂದು ನನ್ನ ಅನುಮಾನ.

ಐಪಿಎಲ್‌ನಲ್ಲೂ ಪಟ್ಟಿಯ ತುದಿಯಲ್ಲಿದ್ದವರು ಪ್ಲೇಆಫ್ ಆಡಿಯೇ ಕಪ್ ಎತ್ತಬೇಕಲ್ಲವೇ ಎಂದು ಯಾರಾದರೂ ಕೇಳಬಹುದು. ಕೇಳುವ ಮೊದಲೇ ಉತ್ತರ: ಅಲ್ಲಿ ಫೈನಲ್ ದಿನ ಮೈದಾನದಲ್ಲಿ ಎರಡೇ ತಂಡ. ಇಲ್ಲಿ ಪಟ್ಟಕ್ಕೆ ಸಂಬಂಧವೇ ಇಲ್ಲದ ಮೂವತ್ತಕ್ಕೂ ಹೆಚ್ಚು ಕಾರುಗಳು ಅದೇ ಟ್ರ್ಯಾಕಿನಲ್ಲಿ ಓಡುತ್ತಿರುತ್ತವೆ. ಅವರಲ್ಲಿ ಯಾರೋ ಗೋಡೆಗೆ ತಗುಲಿದರೂ ನಿಮ್ಮ ವರ್ಷ ಮುಗಿಯಿತು.

ಅಟ್ಲಾಂಟ ಅಮ್ಮ

ಗಂಡಸರೆಲ್ಲ ಅಂಕದಲ್ಲೇ ಮುಳುಗಿದ್ದೀರಿ. ವಿಷಯದ ತಲೆಬರಹದಲ್ಲಿ ಸೀಟು ಎಂದಿದೆ, ಸೀಟಿನ ಬಗ್ಗೆ ಒಬ್ಬರೂ ಬಾಯಿ ಬಿಟ್ಟಿಲ್ಲ.

ಖಾಲಿ ಸೀಟು ಎಣಿಸುವ ಮೊದಲು ಒಟ್ಟು ಸೀಟು ಎಷ್ಟಿದ್ದವು ಎಂದು ನೋಡಿ. ಬ್ರಿಸ್ಟಲ್ ಟ್ರ್ಯಾಕ್ ಅರ್ಧ ಮೈಲಿಯ ಬೋಗುಣಿ. ಅದರ ಸುತ್ತ ಹೆಚ್ಚುಕಡಿಮೆ 1,60,000 ಸೀಟು ಕಟ್ಟಿದರು. 1982ರಿಂದ ಸತತ 55 ಕಪ್ (ನಾಸ್ಕಾರ್‌ನ ಮುಖ್ಯ ಸರಣಿ) ರೇಸ್‌ಗಳ ಟಿಕೆಟ್ ಪೂರ್ತಿ ಮಾರಾಟವಾಗಿದ್ದವು. 2010ರ ಮಾರ್ಚಿನಲ್ಲಿ ಆ ಸರಣಿ ಮುರಿಯಿತು. ಅಂಥ ಕಡೆ ಈಗ ಎಂಬತ್ತು ಸಾವಿರ ಜನ ಬಂದರೂ ಟಿವಿಯಲ್ಲಿ ಅರ್ಧ ಖಾಲಿ. ಡೇಟೋನಾದವರು ಜಾಣರು. 40 ಕೋಟಿ ಡಾಲರ್ ಸುರಿದು 2016ಕ್ಕೆ ನವೀಕರಣ ಮುಗಿಸಿದರು, ಹಿಂಬದಿಯ ಸ್ಟ್ಯಾಂಡುಗಳನ್ನು ಕಿತ್ತೆಸೆದರು, ಸೀಟುಗಳನ್ನು 1,01,500ಕ್ಕೆ ಇಳಿಸಿದರು. ಈಗ ಡೇಟೋನಾ 500ರ ಟಿಕೆಟ್ ವಾರಗಳ ಮೊದಲೇ ಮುಗಿಯುತ್ತದೆ. ಆದ್ದರಿಂದ ‘ಕ್ರೀಡೆ ಸತ್ತಿತು’ ಎಂಬ ಗೋಳಾಟ ನನ್ನ ಹತ್ತಿರ ಬೇಡ.

ಆದರೆ ಜನ ಏಕೆ ಕಡಿಮೆಯಾದರು ಎಂದು ಕೇಳಿದರೆ ನಾನು ತೋರಿಸುವುದು ಕಾರನ್ನೂ ಅಲ್ಲ, ಅಂಕಪಟ್ಟಿಯನ್ನೂ ಅಲ್ಲ. ಕ್ರೆಡಿಟ್ ಕಾರ್ಡ್ ಬಿಲ್ಲನ್ನು. ಒಂದು ಟ್ರ್ಯಾಕಿನ ಪಕ್ಕದ ಮೋಟೆಲ್‌ನಲ್ಲಿ ಬೇರೆ ವಾರ ಕೊಡುವ ಬಾಡಿಗೆಯ ಮೂರುಪಟ್ಟು ಕೇಳಿದರು. ಅದೂ ಮೂರು ರಾತ್ರಿಗೆ ಕಡಿಮೆ ಕೊಡುವುದಿಲ್ಲವಂತೆ. ನಮಗೆ ಬೇಕಿದ್ದದ್ದು ಒಂದು ರಾತ್ರಿ. ಹಾಸಿಗೆಯ ಮೇಲೆ ಸಿಗರೇಟಿನಿಂದ ಸುಟ್ಟ ತೂತು ಬೇರೆ. 2008ರ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡ ಕುಟುಂಬಗಳು ಇಂಥ ಖರ್ಚನ್ನು ಮೊದಲು ಕತ್ತರಿಸಿದವು. ಒಮ್ಮೆ ಮನೆಯಲ್ಲೇ ಕುಳಿತು ನೋಡುವ ರೂಢಿಯಾದವರನ್ನು ಎಬ್ಬಿಸುವುದು ಸುಲಭವಲ್ಲ.

ಆದರೂ ಟ್ಯಾಲಡೇಗಾ ಟ್ರ್ಯಾಕಿಗೆ ನಾವು ಬಿಡದೆ ಹೋಗುತ್ತೇವೆ. ಎರಡು ಗಂಟೆಯೊಳಗಿನ ದಾರಿ, ಬೆಳಗ್ಗೆ ಹೊರಟು ರಾತ್ರಿ ಮನೆ. ನಮ್ಮ ತಿಂಡಿ ನಾವೇ ಒಳಗೆ ಒಯ್ಯಲು ಬಿಡುತ್ತಾರೆ; ಈ ಸೌಜನ್ಯ ಎಲ್ಲ ಕ್ರೀಡೆಯಲ್ಲೂ ಸಿಗುವುದಿಲ್ಲ. ಮೆತ್ತನೆಯ ಚೀಲದಲ್ಲಿ ಚಿತ್ರಾನ್ನ, ಚಕ್ಕುಲಿ, ಮಂಜುಗಡ್ಡೆಯ ನಡುವೆ ಮಜ್ಜಿಗೆ. ಮಗಳು ತಂಡಗಳ ರೇಡಿಯೋ ಮಾತು ಕೇಳಿಸುವ ಸ್ಕ್ಯಾನರ್ ಕಿವಿಗೆ ಹಾಕಿಕೊಂಡು ಚಾಲಕ ತನ್ನ ತಂಡದವರನ್ನು ಬೈಯುವುದನ್ನು ಕೇಳುತ್ತ ನಗುತ್ತಾಳೆ. ಹೊಸಬರಿಗೆ ಒಂದು ಮಾತು: ಸಣ್ಣ ಟ್ರ್ಯಾಕುಗಳಲ್ಲಿ ಅಗ್ಗವೆಂದು ಕೆಳಗಿನ ಸಾಲಿನ ಟಿಕೆಟ್ ಕೊಳ್ಳಬೇಡಿ. ಬೇಲಿ ಬಿಟ್ಟರೆ ಬೇರೇನೂ ಕಾಣುವುದಿಲ್ಲ, ಟೈರಿನಿಂದ ಉದುರಿದ ಕಪ್ಪು ರಬ್ಬರ್ ಚೂರು ಬಂದು ತಲೆಗೂದಲಲ್ಲಿ, ಅನ್ನದ ಡಬ್ಬಿಯಲ್ಲಿ ಬೀಳುತ್ತದೆ.

ಪಿಟ್ ಗೋಡೆ

ಅಮ್ಮ ಹೇಳಿದ ಖರ್ಚಿನ ಮಾತು ನಿಜ. ಆದರೆ ಅಷ್ಟು ಖರ್ಚು ಮಾಡಿ ಬಂದವರಿಗೆ ತೋರಿಸುವುದು ಏನು ಎಂಬುದು ನನ್ನ ವಿಭಾಗ. ವೃತ್ತಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರ್, ರೇಸಿಂಗ್‌ನವನಲ್ಲ. ಅಷ್ಟು ರಿಯಾಯಿತಿ ಕೊಟ್ಟು ಓದಿ.

2022ರಲ್ಲಿ ಬಂದ ಈಗಿನ ಕಾರಿನ ಬಿಡಿಭಾಗಗಳನ್ನು ತಂಡಗಳು ತಮಗೆ ಬೇಕಾದಂತೆ ಮಾಡಿಕೊಳ್ಳುವಂತಿಲ್ಲ, ಗೊತ್ತುಪಡಿಸಿದ ತಯಾರಕರಿಂದ ಕೊಳ್ಳಬೇಕು. ಐದು ನಟ್‌ಗಳ 15 ಇಂಚಿನ ಉಕ್ಕಿನ ಚಕ್ರ ಹೋಗಿ, ನಡುವೆ ಒಂದೇ ನಟ್ ಇರುವ 18 ಇಂಚಿನ ಅಲ್ಯೂಮಿನಿಯಂ ಚಕ್ರ ಬಂತು. ಟೈರ್ ಅಗಲವಾಯಿತು, ಬ್ರೇಕ್ ದೊಡ್ಡದಾಯಿತು. ಕಾರಿನ ತಳ ಚಪ್ಪಟೆಯಾಗಿ, ತಳದ ಗಾಳಿಯನ್ನು ಹೊರಬಿಟ್ಟು ಕಾರನ್ನು ನೆಲಕ್ಕೆ ಒತ್ತುವ ಡಿಫ್ಯೂಸರ್ ಹಿಂದೆ ಸೇರಿತು. ಉದ್ದೇಶ ಒಳ್ಳೆಯದೇ: ಖರ್ಚು ತಗ್ಗಬೇಕು, ಸಣ್ಣ ತಂಡವೂ ಗೆಲ್ಲಬೇಕು. ಒಂದೂವರೆ ಮೈಲಿಯ ಟ್ರ್ಯಾಕ್‌ಗಳಲ್ಲಿ ಫಲವೂ ಸಿಕ್ಕಿತು. 2024ರ ಮೇ ತಿಂಗಳಲ್ಲಿ ಕಾನ್ಸಸ್‌ನಲ್ಲಿ ಲಾರ್ಸನ್ ಕ್ರಿಸ್ ಬುಶರ್ ಅವರನ್ನು ಸೋಲಿಸಿದ ಅಂತರ 0.001 ಸೆಕೆಂಡ್, ಕಪ್ ಸರಣಿಯ ಇತಿಹಾಸದಲ್ಲೇ ಅತಿ ಕಡಿಮೆ.

ಅದೇ ಕಾರು ಅರ್ಧ ಮೈಲಿಯ ಟ್ರ್ಯಾಕಿಗೆ ಇಳಿದರೆ ಕತೆ ಬೇರೆ. ಹಿಂದೆ ತಿರುವಿಗೆ ಬಹಳ ಮೊದಲೇ ಬ್ರೇಕ್ ಒತ್ತಬೇಕಿತ್ತು. ಆ ದೂರದಲ್ಲಿಯೇ ಒಬ್ಬರು ಇನ್ನೊಬ್ಬರ ಒಳಬದಿಗೆ ನುಗ್ಗುತ್ತಿದ್ದರು. ಈಗ ಬ್ರೇಕ್ ಎಷ್ಟು ಬಿಗಿ ಎಂದರೆ ಆ ದೂರವೇ ಕುಗ್ಗಿದೆ. 2025ರವರೆಗೆ ಇದ್ದ 670 ಅಶ್ವಶಕ್ತಿಗೆ ತಿರುವಿನಿಂದ ಹೊರಬರುವಾಗ ಅಷ್ಟು ಅಗಲದ ಟೈರ್ ಜಾರುತ್ತಲೇ ಇರಲಿಲ್ಲ, ಎಲ್ಲರೂ ಒಂದೇ ಸಮಯಕ್ಕೆ ಪೆಡಲ್ ಪೂರ್ತಿ ತುಳಿಯುತ್ತಿದ್ದರು. 2014ರವರೆಗೆ ಎಂಜಿನ್ 850 ದಾಟುತ್ತಿತ್ತು. ಅಷ್ಟು ಬಲವನ್ನು ತೆಳ್ಳನೆಯ ಟೈರಿಗೆ ಸುರಿಯುವಾಗ ಪಾದದಲ್ಲಿ ನಯ ಇದ್ದವನು ಗೆಲ್ಲುತ್ತಿದ್ದ. ಮುಂದಿನ ಕಾರು ಸೀಳಿದ ಗಾಳಿ ಹಿಂದಿನ ಕಾರನ್ನು ಒತ್ತಿ ಹಿಡಿಯುವುದಿಲ್ಲ, ಮೂತಿ ತಿರುಗುವುದಿಲ್ಲ. ಹಾಗಾಗಿ ವೇಗವಿದ್ದರೂ ಹಿಂದೆಯೇ ಉಳಿಯಬೇಕು.

2026ರಲ್ಲಿ ಒಂದೂವರೆ ಮೈಲಿಗಿಂತ ಚಿಕ್ಕ ಟ್ರ್ಯಾಕ್‌ಗಳಿಗೂ ಎಡಬಲ ಎರಡೂ ತಿರುವುಗಳಿರುವ ರೋಡ್ ಕೋರ್ಸ್‌ಗಳಿಗೂ 750 ಅಶ್ವಶಕ್ತಿ ಕೊಡುತ್ತಿದ್ದಾರೆ. ನನ್ನ ಲೆಕ್ಕದಲ್ಲಿ ಚೇಸ್‌ಗಿಂತ ದೊಡ್ಡ ಸುದ್ದಿ ಇದೇ, ಆದರೆ ಅದಕ್ಕೆ ಸಿಕ್ಕ ಪ್ರಚಾರ ಕಾಲು ಭಾಗವೂ ಇಲ್ಲ. ಸಾಲುತ್ತದೆಯೇ? ನನಗೆ ಪೂರ್ತಿ ನಂಬಿಕೆಯಿಲ್ಲ. ಟೈರ್ ಸವೆಯದೆ ಬರೀ ಬಲ ಹೆಚ್ಚಿಸಿದರೆ ಅದೇ ಮೆರವಣಿಗೆ ಸ್ವಲ್ಪ ಬೇಗ ಹೋಗುತ್ತದೆ.

ಬರೀ ಓದುಗ

ಟ್ಯಾಲಡೇಗಾ ಬಗ್ಗೆಯೂ ಹೇಳಿ ಸರ್. ಅಲ್ಲಿ ಮೂರು ಸಾಲಾಗಿ ಅಂಟಿಕೊಂಡು ಓಡುವುದನ್ನು ನೋಡಿದರೆ ಮೈ ಜುಂ ಎನ್ನುತ್ತದೆ. ಆದರೆ ಹಾಗೆ ಓಡುವಾಗ ಅವರು ಪೂರ್ತಿ ವೇಗದಲ್ಲೇ ಇರುವುದಿಲ್ಲ ಎಂದು ಯಾರೋ ಬರೆದಿದ್ದರು.

ಪಿಟ್ ಗೋಡೆ

ಸರಿಯಾಗಿಯೇ ಬರೆದಿದ್ದಾರೆ. ಅಲ್ಲಿ ಪಿಟ್‌ನಲ್ಲಿ ನಿಲ್ಲುವ ಹೊತ್ತನ್ನು ತೀರ್ಮಾನಿಸುವುದು ಟೈರ್ ಅಲ್ಲ, ಪೆಟ್ರೋಲ್. ಕಡಿಮೆ ಪೆಟ್ರೋಲ್ ಬೇಕಾದವರು ಬೇಗ ಹೊರಬಂದು ಮುಂದೆ ಸೇರಿಕೊಳ್ಳುತ್ತಾರೆ. ಟ್ರ್ಯಾಕಿನ ಮೇಲೆ ದಾಟುವುದು ಕಷ್ಟ, ಪಿಟ್‌ನಲ್ಲಿ ದಾಟುವುದು ಸುಲಭ. ಆದ್ದರಿಂದ ನಲವತ್ತು ಕಾರುಗಳೂ ಅರ್ಧ ಪೆಡಲ್‌ನಲ್ಲಿ ತೇಲುತ್ತ ಪೆಟ್ರೋಲ್ ಉಳಿಸುತ್ತವೆ. ದೂರದಿಂದ ಭಯಂಕರ ರೇಸ್, ಒಳಗೆ ಮಿತವ್ಯಯ.

ಆ ಟ್ರ್ಯಾಕ್‌ಗಳಲ್ಲಿ ಎಂಜಿನ್ ಕಟ್ಟಿಹಾಕಿದ್ದಕ್ಕೆ ಮಾತ್ರ ಯಾರೂ ಆಕ್ಷೇಪಿಸಬಾರದು. 1987ರಲ್ಲಿ ಬಿಲ್ ಎಲಿಯಟ್ ಅಲ್ಲಿ ಗಂಟೆಗೆ 212.809 ಮೈಲಿ ವೇಗದಲ್ಲಿ ಅರ್ಹತಾ ಸುತ್ತು ಓಡಿದರು. ಅದೇ ವಾರದ ರೇಸಿನಲ್ಲಿ ಬಾಬಿ ಅಲಿಸನ್ ಕಾರು ಟೈರ್ ಒಡೆದು ಗಾಳಿಗೆ ಎದ್ದು ಪ್ರೇಕ್ಷಕರ ಮುಂದಿನ ಬೇಲಿಯನ್ನು ಹರಿಯಿತು. ಮರುವರ್ಷದಿಂದ ಎಂಜಿನ್‌ಗೆ ಹೋಗುವ ಗಾಳಿ ತಡೆದು ಬಲ ತಗ್ಗಿಸುವ ಪ್ಲೇಟ್ ಬಂತು. ಆ ಬೇಲಿಯ ಹಿಂದೆಯೇ ಅಮ್ಮನ ಮಗಳು ಕೂರುವುದು.

ಅಟ್ಲಾಂಟ ಅಮ್ಮ

ನಾವು ಮೇಲಿನ ಸಾಲಿನಲ್ಲಿ ಕೂರುತ್ತೇವೆ. ಆದರೂ ಇಂಥದ್ದನ್ನು ನೆನಪಿಸಿದ್ದಕ್ಕೆ ನಿಮಗೆ ಚಕ್ಕುಲಿ ಇಲ್ಲ.

ನಾಲ್ಕನೇ ತಿರುವು

ಹಳೆಯ ಪ್ಲೇಆಫ್‌ಗೆ ಕೊನೆಯ ಹೂವು ಇಡುವ ಮುನ್ನ ಒಂದು ಒಳ್ಳೆಯ ಮಾತನ್ನೂ ಹೇಳಬೇಕು. 2022ರ ಅಕ್ಟೋಬರ್ 30, ಮಾರ್ಟಿನ್ಸ್‌ವಿಲ್, ಕೊನೆಯ ಸುತ್ತು. ಫೈನಲ್‌ಗೆ ಹೋಗಲು ರಾಸ್ ಚಾಸ್ಟೇನ್‌ಗೆ ಎರಡು ಅಂಕ ಬೇಕು. ಎಲ್ಲರೂ ತಿರುವಿಗೆ ವೇಗ ತಗ್ಗಿಸುವಾಗ ಅವರು ಐದನೇ ಗೇರಿಗೆ ಹಾಕಿ, ಕಾರಿನ ಬಲಬದಿಯನ್ನು ಗೋಡೆಗೆ ಒರಗಿಸಿ, ಸ್ಟಿಯರಿಂಗ್ ಬಿಟ್ಟು ಪೆಡಲ್ ತುಳಿದೇ ಇದ್ದರು. ಗೋಡೆಯೇ ಕಾರನ್ನು ತಿರುಗಿಸಿತು. ಹತ್ತನೆಯವರಾಗಿದ್ದವರು ಐದು ಕಾರು ದಾಟಿ ಗೆರೆ ಮುಟ್ಟಿದರು. ಆ ಸುತ್ತಿಗೆ ಹಿಡಿದದ್ದು 18.845 ಸೆಕೆಂಡ್, ಅಲ್ಲಿ ಸ್ಟಾಕ್ ಕಾರೊಂದು ಅಷ್ಟು ವೇಗವಾಗಿ ಎಂದೂ ಓಡಿರಲಿಲ್ಲ. ಚಿಕ್ಕಂದಿನಲ್ಲಿ ವಿಡಿಯೋ ಗೇಮ್‌ನಲ್ಲಿ ಹೀಗೆ ಆಡುತ್ತಿದ್ದೆ ಎಂದರು. ಫೈನಲ್‌ನಿಂದ ಹೊರಬಿದ್ದವರು, ಬೇರೆ ಯಾರು, ಹ್ಯಾಮ್ಲಿನ್.

ರೇಸಿಂಗ್ ಗೊತ್ತಿಲ್ಲದ ನನ್ನ ಕಚೇರಿಯವರೆಲ್ಲ ಮರುದಿನ ಆ ತುಣುಕನ್ನೇ ನೋಡುತ್ತಿದ್ದರು. ಹತ್ತು ರೇಸಿನ ಮೊತ್ತ ಲೆಕ್ಕ ಹಾಕುವ ಹೊಸ ವಿಧಾನದಲ್ಲಿ ಯಾರೂ ಇಂಥ ಹುಚ್ಚು ಮಾಡುವುದಿಲ್ಲ.

ಹಳೇ ವಿನ್‌ಸ್ಟನ್

ಮಾಡಬಾರದು ಎಂದೇ ಮರುವರ್ಷದಿಂದ ದಂಡನೆ ಎಂದು ಘೋಷಿಸಿದರು. ಸರಿಯಾಗಿಯೇ ಮಾಡಿದರು. ಗೋಡೆಯ ಆಚೆ ಮನುಷ್ಯರಿರುತ್ತಾರೆ.

ನೀವು ಅದೇ ಟ್ರ್ಯಾಕಿನ 2022 ಹೇಳಿದಿರಿ, ನಾನು 2024 ಹೇಳುತ್ತೇನೆ. ಮತ್ತದೇ ಫೈನಲ್‌ಗೆ ಮುಂಚಿನ ರೇಸ್. ಬೈರನ್ ಸ್ಥಾನ ಕಳೆದುಕೊಳ್ಳಬಾರದೆಂದು ಅವರ ಹಿಂದೆ ಇಬ್ಬರು ಷೆವರ್ಲೆ ಚಾಲಕರು ಅಕ್ಕಪಕ್ಕ ನಿಂತು ಗೋಡೆ ಕಟ್ಟಿದರು. ಅವರಲ್ಲಿ ಒಬ್ಬರು ನಿಮ್ಮ ಚಾಸ್ಟೇನ್, ಇನ್ನೊಬ್ಬರು ಆಸ್ಟಿನ್ ಡಿಲನ್. ಅತ್ತ ಟೊಯೋಟಾದ ಬಬ್ಬಾ ವಾಲೆಸ್ ನಿಧಾನವಾಗಿ ಕ್ರಿಸ್ಟೋಫರ್ ಬೆಲ್‌ಗೆ ದಾರಿ ಬಿಟ್ಟರು. ಬೆಲ್ ಕೊನೆಗೆ ಗೋಡೆಗೆ ಜಾರಿ ಅದರ ಗುಂಟವೇ ಬಂದದ್ದಕ್ಕೆ ಅವರ ಸ್ಥಾನ ಕಿತ್ತು ಬೈರನ್‌ಗೆ ಫೈನಲ್ ಕೊಟ್ಟರು. ಮೂವರು ಚಾಲಕರಿಗೂ ಅವರ ತಂಡಗಳಿಗೂ ತಲಾ 1 ಲಕ್ಷ ಡಾಲರ್ ದಂಡ. ಒಂದು ಸ್ಥಾನಕ್ಕೆ ಅಷ್ಟು ಬೆಲೆ ಕಟ್ಟಿದರೆ ಮೋಸವೂ ಅಷ್ಟೇ ಬೆಲೆಯದಾಗುತ್ತದೆ.

ನಿಯಮ ಮೀರುವುದು ಹೊಸದು ಎಂದು ಹೇಳುತ್ತಿಲ್ಲ. 1949ರ ಜೂನ್ 19ರಂದು ಷಾರ್ಲಟ್‌ನಲ್ಲಿ ನಡೆದ ಈ ಸರಣಿಯ ಮೊಟ್ಟಮೊದಲ ರೇಸಿನಲ್ಲೇ ಮೊದಲು ಬಂದ ಗ್ಲೆನ್ ಡನವೇ ಅನರ್ಹರಾದರು. ಕಳ್ಳಸಾರಾಯಿ ಸಾಗಿಸುವವರು ಮಾಡುವಂತೆ ಹಿಂಬದಿಯ ಸ್ಪ್ರಿಂಗ್ ತಿದ್ದಿದ ಫೋರ್ಡ್ ಅದು. ಬಹುಮಾನ ಎರಡನೆಯವರಾದ ಜಿಮ್ ರೋಪರ್‌ಗೆ ಹೋಯಿತು. ಆದರೆ ಆ ದಿನ ತಪ್ಪು ಮಾಡಿದ್ದು ಒಂದು ಕಾರು. ಮಾರ್ಟಿನ್ಸ್‌ವಿಲ್‌ನಲ್ಲಿ ತಪ್ಪು ಮಾಡಿಸಿದ್ದು ನಿಯಮ.

ನಾಲ್ಕನೇ ತಿರುವು

ಕೊನೆಯ ಸಾಲು ಚೆನ್ನಾಗಿದೆ. ಉತ್ತರ ಹೊಳೆಯುವವರೆಗೆ ಒಪ್ಪಿದ್ದೇನೆ ಎಂದುಕೊಳ್ಳಿ.

ಬರೀ ಓದುಗ

ನಡುವೆ ಒಂದು ನೆನಪು. 2010ರಲ್ಲಿ ನರೇನ್ ಕಾರ್ತಿಕೇಯನ್ ಇದೇ ಮಾರ್ಟಿನ್ಸ್‌ವಿಲ್‌ನಲ್ಲಿ ಟ್ರಕ್ ಸರಣಿಗೆ ಇಳಿದು 13ನೆಯವರಾಗಿ ಮುಗಿಸಿದ್ದರು. ನಾಸ್ಕಾರ್‌ನ ರಾಷ್ಟ್ರೀಯ ಸರಣಿಯಲ್ಲಿ ಓಡಿದ ಮೊದಲ ಭಾರತೀಯ. ವರ್ಷದ ಕೊನೆಗೆ ಆ ಸರಣಿಯ ಅತ್ಯಂತ ಜನಪ್ರಿಯ ಚಾಲಕ ಪ್ರಶಸ್ತಿಯೂ ಅವರಿಗೇ. ಅಲ್ಲಿಯ ಅಭಿಮಾನಿಗಳು ಕಣ್ಣುಜ್ಜಿಕೊಂಡರು. ಮತ ಹಾಕಿದ್ದು ಇಂಟರ್‌ನೆಟ್‌ನಲ್ಲಿ, ಹಾಕಿದವರು ನಾವು!

ಮೊನ್ಜಾ ಮೈಸೂರು

ಇದು ಗೊತ್ತೇ ಇರಲಿಲ್ಲ. ಸರಿ, ನನ್ನನ್ನು ನಿಮ್ಮ ಪಂಗಡಕ್ಕೆ ಸೇರಿಸಿಕೊಳ್ಳಬೇಕಾದರೆ ಮುಖ್ಯಾಂಶವಲ್ಲ, ಪೂರ್ತಿ ನೋಡಬೇಕಾದ ಒಂದು ಹಳೆಯ ರೇಸ್ ಹೇಳಿ. ಒಂದೇ.

ಹಳೇ ವಿನ್‌ಸ್ಟನ್

1979ರ ಡೇಟೋನಾ 500. ಮೊದಲಿನಿಂದ ಕೊನೆಯವರೆಗೆ ನೇರ ಪ್ರಸಾರವಾದ ಮೊದಲ ಡೇಟೋನಾ. ಮುಂದಿದ್ದ ಇಬ್ಬರು ಕೊನೆಯ ಸುತ್ತಿನಲ್ಲಿ ಒಬ್ಬರನ್ನೊಬ್ಬರು ಕೆಡವಿ ಹುಲ್ಲಿನ ಮೇಲೆ ಹೊಡೆದಾಡುತ್ತಾರೆ, ಎಷ್ಟೋ ಹಿಂದಿದ್ದ ರಿಚರ್ಡ್ ಪೆಟ್ಟಿ ಗೆಲ್ಲುತ್ತಾರೆ.

ಅಟ್ಲಾಂಟ ಅಮ್ಮ

2024ರ ಫೆಬ್ರುವರಿಯ ಅಟ್ಲಾಂಟ. ಮೂರು ಕಾರು ಒಟ್ಟಿಗೆ ಗೆರೆ ದಾಟಿದವು. ಡೇನಿಯಲ್ ಸ್ವಾರೆಜ್ ಗೆದ್ದದ್ದು 0.003 ಸೆಕೆಂಡಿನಲ್ಲಿ. ಯಾರು ಗೆದ್ದರೆಂದು ದೊಡ್ಡ ಪರದೆ ನೋಡುವವರೆಗೂ ಸ್ಟ್ಯಾಂಡಿನಲ್ಲಿ ಯಾರಿಗೂ ತಿಳಿಯಲಿಲ್ಲ.

ಪಿಟ್ ಗೋಡೆ

ನನ್ನದು ಎರಡು, ಏಕೆಂದರೆ ಒಂದನ್ನು ನೋಡಿದರೆ ಇನ್ನೊಂದು ಅರ್ಥವಾಗುತ್ತದೆ. ಎರಡೂ 2024ರ ಬ್ರಿಸ್ಟಲ್.

ಮಾರ್ಚಿನದನ್ನು ಮೊದಲು ನೋಡಿ. ಅಂದು ಟೈರ್‌ಗಳು ಯಾರೂ ಎಣಿಸದಷ್ಟು ಬೇಗ ಸವೆದವು. ಐವತ್ತು ಸುತ್ತಿನೊಳಗೆ ರಬ್ಬರ್ ಹೋಗಿ ಒಳಗಿನ ನೂಲು ಕಾಣುತ್ತಿತ್ತು. ರೇಸಿನ ನಡುವೆಯೇ ನಾಸ್ಕಾರ್ ಪ್ರತಿ ತಂಡಕ್ಕೆ ಒಂದು ಹೆಚ್ಚುವರಿ ಸೆಟ್ ಕೊಡಬೇಕಾಯಿತು. ಆತುರ ಪಟ್ಟವರು ಟೈರ್ ಕಳೆದುಕೊಂಡರು, ಕಾದವರು ಮುಂದೆ ಬಂದರು, ಕಾದದ್ದು ಹೆಚ್ಚಾದವರನ್ನು ಮತ್ತೊಬ್ಬರು ದಾಟಿದರು. ಮುಂಚೂಣಿ 54 ಸಲ ಬದಲಾಯಿತು, ಸಣ್ಣ ಟ್ರ್ಯಾಕಿಗೆ ಅದು ದಾಖಲೆ. ಮುಗಿಯುವ ಹೊತ್ತಿಗೆ ಮುಂದಿನವರ ಜೊತೆ ಅದೇ ಸುತ್ತಿನಲ್ಲಿ ಉಳಿದದ್ದು ಐದೇ ಕಾರು. ಗೆದ್ದವರು ಹ್ಯಾಮ್ಲಿನ್.

ಆಮೇಲೆ ಸೆಪ್ಟೆಂಬರಿನದು. ಅದೇ ಟ್ರ್ಯಾಕ್, ಅದೇ ಕಾರು, ಅದೇ ಚಾಲಕರು. ಅಂದು ಟೈರ್ ಸವೆಯಲಿಲ್ಲ. ಲಾರ್ಸನ್ 500ರಲ್ಲಿ 462 ಸುತ್ತು ಮುಂದಿದ್ದರು. ಪೂರ್ತಿ ನೋಡಬೇಡಿ, ನಿದ್ದೆ ಬರುತ್ತದೆ. ಮಜಾ ಏನೆಂದರೆ ಅದು ಪ್ಲೇಆಫ್ ರೇಸ್, ನಾಲ್ವರು ಹೊರಬೀಳುವ ರಾತ್ರಿ. ನಿಯಮದ ಪುಸ್ತಕದಲ್ಲಿದ್ದ ರೋಚಕತೆಯೆಲ್ಲ ಆ ರಾತ್ರಿಯ ಪಾಲಿಗಿತ್ತು. ಮಾರ್ಚಿನ ಮಧ್ಯಾಹ್ನಕ್ಕೆ ಇದ್ದದ್ದು ಬೇಗ ಸವೆಯುವ ಟೈರ್ ಮಾತ್ರ.

ನಾಲ್ಕನೇ ತಿರುವು

ಮೊದಲ ಬರಹದಲ್ಲಿ ನಾನು ಹೇಳಬೇಕೆಂದಿದ್ದದ್ದನ್ನು ಇವರು ಟೈರ್ ತೋರಿಸಿ ಹೇಳಿದರು.

ಹಳೇ ವಿನ್‌ಸ್ಟನ್

ಮಾರ್ಚಿನ ಆ ರೇಸನ್ನು ಹೊಗಳುವವರಲ್ಲಿ ನಾನಿಲ್ಲ. ಅರ್ಧ ಹೊತ್ತು ಎಲ್ಲರೂ ಟೈರಿಗೆ ಹೆದರಿ ತೆವಳುತ್ತಿದ್ದರು. ಟ್ಯಾಲಡೇಗಾದಲ್ಲಿ ಪೆಟ್ರೋಲ್ ಉಳಿಸಿದರೆ ಬೈಯುತ್ತೀರಿ, ಬ್ರಿಸ್ಟಲ್‌ನಲ್ಲಿ ರಬ್ಬರ್ ಉಳಿಸಿದರೆ ಚಪ್ಪಾಳೆ ಹೊಡೆಯುತ್ತೀರಿ.

ಪಿಟ್ ಗೋಡೆ

ಬ್ರಿಸ್ಟಲ್‌ನಲ್ಲಿ ಉಳಿಸಿದವನು ಉಳಿಸದವನನ್ನು ಟ್ರ್ಯಾಕಿನ ಮೇಲೆಯೇ ದಾಟಿದ. ಟ್ಯಾಲಡೇಗಾದಲ್ಲಿ ಎಲ್ಲರೂ ಉಳಿಸುತ್ತಾರೆ, ಯಾರೂ ದಾಟುವುದಿಲ್ಲ.

ಹಳೇ ವಿನ್‌ಸ್ಟನ್

ಜುಲೈನಲ್ಲಿ ನಾರ್ತ್ ವಿಲ್ಕ್ಸ್‌ಬರೊದಲ್ಲಿ ನೋಡೋಣ. 1996ರಲ್ಲಿ ಮುಚ್ಚಿದ ಮೇಲೆ ಅಲ್ಲಿ ಅಂಕಗಳಿರುವ ಮೊದಲ ಕಪ್ ರೇಸ್, 750 ಅಶ್ವಶಕ್ತಿಯೂ ಇರುತ್ತದೆ. ನಾನು ಟಿಕೆಟ್ ಕೊಂಡಾಗಿದೆ. ಬರುವವರು ಹೇಳಿ, ಕಾರಿನಲ್ಲಿ ಎರಡು ಜಾಗವಿದೆ.

ಅಟ್ಲಾಂಟ ಅಮ್ಮ

ಯಾವ ಸಾಲಿನ ಟಿಕೆಟ್ ಎಂದು ಮೊದಲು ಹೇಳಿ ವಿನ್‌ಸ್ಟನ್ ಅವರೇ.